ಮುಟ್ಟುವ ಕೈಯ ಪ್ರಶ್ನೆ

ಪ್ರಶ್ನೆಯನ್ನು ನೇರವಾಗಿಯೇ ಇಡುತ್ತೇನೆ. ತನ್ನನ್ನು ಮುಟ್ಟಿಸಿಕೊಳ್ಳದವನ ಹುಣ್ಣನ್ನು ತೊಳೆಯುವ ಹೊಣೆ ಒಬ್ಬ ನರ್ಸಮ್ಮನಿಗೆ ಉಂಟೆ? ಉಂಟು ಎನ್ನುವುದಾದರೆ ಆ ಹೊಣೆಗೂ ನಮ್ಮ ಹಿರೀಕರ ತಲೆಗೆ ಕಟ್ಟಿದ್ದ ಬಿಟ್ಟಿ ಚಾಕರಿಗೂ ಏನು ವ್ಯತ್ಯಾಸ?

ಇದು ಪುಸ್ತಕದಿಂದ ಎತ್ತಿಕೊಂಡ ಪ್ರಶ್ನೆಯಲ್ಲ. ನಮ್ಮಕ್ಕ ಆರೋಗ್ಯ ಉಪಕೇಂದ್ರವೊಂದರಲ್ಲಿ ನರ್ಸಾಗಿದ್ದಳು. ಸರ್ಕಾರದ ಲೆಕ್ಕದಲ್ಲಿ ಬಯಲು ಪ್ರದೇಶದ 5,000 ಜನಕ್ಕೆ ಒಂದು ಉಪಕೇಂದ್ರ. ಕೂಸುಗಳಿಗೆ ಚುಚ್ಚುಮದ್ದು, ಬಸುರಿಯರಿಗೆ ಕಬ್ಬಿಣದ ಮಾತ್ರೆ, ಜ್ವರದವರ ರಕ್ತ ಪರೀಕ್ಷೆ, ಕ್ಷಯದವರ ವಿಚಾರಣೆ, ಇಷ್ಟನ್ನೂ ಬ್ಯಾಗಿನಲ್ಲಿ ಹೊತ್ತು ಮನೆ ಮನೆ ತಿರುಗುವ ಕೆಲಸ. ಆ ಊರಿನ ಯಜಮಾನನೊಬ್ಬನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ. ಸೊಂಟದ ಕೆಳಗೆ ಹುಣ್ಣಾಯಿತು. ಊರಬಾವಿಗೆ ಇಳಿದ ಎಂದು ನಮ್ಮಪ್ಪನಿಗೆ ದಂಡ ಹಾಕಿಸಿದ್ದವನು ಅದೇ ಯಜಮಾನ. ಅಕ್ಕ ಹೋಗಿ ಹುಣ್ಣು ತೊಳೆದು ಬಟ್ಟೆ ಕಟ್ಟುತ್ತಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಮೈ ಒದ್ದೆ ಇರಬಾರದು ಎಂದು ಸೊಸೆಗೆ ಕಲಿಸಿಕೊಟ್ಟಳು. ಅವಳು ಎದ್ದು ಬಂದ ಮೇಲೆ ಅವಳು ಕೂತಿದ್ದ ಜಾಗಕ್ಕೆ ಆ ಮನೆಯವರು ನೀರು ಚಿಮುಕಿಸುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ನಮ್ಮಪ್ಪ ಒಂದು ರಾತ್ರಿ ಕೇಳಿಯೇ ಬಿಟ್ಟ: "ನಮ್ ನೆಳ್ಳು ಬಿದ್ರೂ ಆಗ್ತಿರ್ಲಿಲ್ಲ ಅವುನ್ಗೆ. ಅವ್ನ ಹುಣ್ಣ ನೀನ್ಯಾಕವ್ವ ತೊಳೀಬೇಕು?"

ಅಕ್ಕ ಹೇಳಿದಳು: "ಹುಣ್ಣು ತೊಳೆಯೋದು ನನ್ ಕೆಲ್ಸ ಕಣಪ್ಪ. ಅವನ್ನ ಕ್ಷಮಿಸೋದು ನನ್ ಕೆಲ್ಸ ಅಲ್ಲ."

ಈ ಮಾತನ್ನು ನಾನು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡು ತಿರುಗಿದ್ದೇನೆ. ನಮ್ಮ ನೀತಿಬೋಧಕರು ಈ ಎರಡನ್ನೂ ಬೇಕೆಂದೇ ಒಂದರೊಳಗೊಂದು ಕಲೆಸಿಟ್ಟಿದ್ದಾರೆ. ಸೇವೆ ಮಾಡುವವಳು ತಾಯಿಯಂತಿರಬೇಕು, ಭೂಮಿಯಂತೆ ಸಹಿಸಬೇಕು, ಕೂಲಿ ಕೇಳಬಾರದು, ಅವಮಾನ ನೆನೆಯಬಾರದು. ಹೀಗೆ ಹಾಡಿ ಹೊಗಳಿಯೇ ಬಾಯಿ ಕಟ್ಟಿದರು. ಎಷ್ಟೋ ಊರುಗಳಲ್ಲಿ ಕೂಸನ್ನು ಮೊದಲು ಹಿಡಿದವಳು ನಮ್ಮ ಕೇರಿಯ ಸೂಲಗಿತ್ತಿ. ಪುರುಡು ಕಳೆದ ಮೇಲೆ ಅದೇ ಕೂಸಿನ ಮನೆಯ ಹೊಸಿಲಾಚೆ ನಿಂತು ಮೊರಕ್ಕೆ ಅಕ್ಕಿ ಹಾಕಿಸಿಕೊಂಡವಳೂ ಅವಳೇ. ಬರಲ್ಲ ಎನ್ನುವ ಹಕ್ಕು ಅವಳಿಗಿರಲಿಲ್ಲ. ಬೇಡ ಎನ್ನಲಾಗದ ಕೆಲಸಕ್ಕೆ ಕರುಣೆ ಎಂಬ ಹೆಸರು ಸಲ್ಲದು.

1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಕಾಯಿಲೆ ಬಿದ್ದ ದಲಿತ ಹುಡುಗನನ್ನು ಹೊತ್ತು ಮಗ ಯಶವಂತನ ಆಸ್ಪತ್ರೆಗೆ ತಂದರು. ಅದೇ ಪ್ಲೇಗು ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಹೋಗು ಎಂದು ಅವರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಆದ್ದರಿಂದಲೇ ಅವರು ಮುಟ್ಟಿದ್ದು ಬಂಡಾಯ. ಸೂಲಗಿತ್ತಿಯ ಕೈಯಲ್ಲೂ ಅಷ್ಟೇ ಪ್ರೀತಿ ಇದ್ದಿರಬಹುದು. ಆದರೆ ವ್ಯವಸ್ಥೆ ಅದನ್ನು ಚಾಕರಿ ಎಂದೇ ಬರೆದುಕೊಂಡಿತು.

ಹಾಗಾದರೆ ನರ್ಸಮ್ಮನ ಕೆಲಸ ಎಲ್ಲಿ ಬೇರೆಯಾಗುತ್ತದೆ? ಅವಳ ಕೈಯಲ್ಲಿ ವಿದ್ಯೆ ಇದೆ. ಮಡಿಗೂ ಶುಚಿಗೂ ಇರುವ ವ್ಯತ್ಯಾಸ ಅವಳಿಗೆ ಗೊತ್ತು. ಅವಳು ಮುಟ್ಟುವುದಕ್ಕಾಗಿ ಕೈ ತೊಳೆಯುತ್ತಾಳೆ. ಮಡಿಯವನು ಮುಟ್ಟದಿರುವುದಕ್ಕಾಗಿ ತೊಳೆಯುತ್ತಾನೆ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿದರು. ಆಮೇಲೆ ಸವರ್ಣೀಯರು ಕುಡಿಯುವ ನೀರಿಗೆ ಸಗಣಿ ಗಂಜಲ ಸುರಿದು ಅದನ್ನು ಶುದ್ಧಿ ಎಂದರು! ಯಾವ ಆರೋಗ್ಯಶಾಸ್ತ್ರ ಇದನ್ನು ಒಪ್ಪೀತು?

ರೋಗ ತಡೆಯುವ ಮಾತು ಬಂದರೆ ಮೊದಲು ನೀರಿನ ಮಾತೇ ಬರಬೇಕು. 1971ರಲ್ಲಿ ಪಶ್ಚಿಮ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರಾವಣ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸು, ಉಪ್ಪು ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿ ಅಸಂಖ್ಯ ಜೀವ ಉಳಿಸಿದರು. ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. ಅದೇ ವಿದ್ಯೆಯನ್ನು ನಮ್ಮಕ್ಕ ಕೇರಿಯಲ್ಲಿ ಹೇಳಿಕೊಡುತ್ತಿದ್ದಳು: ಒಂದು ಲೀಟರು ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದಲ್ಲಿ ಸಮ ಮಾಡಿ. ಒಬ್ಬ ಮುದುಕಿ ಕೇಳಿದಳಂತೆ, "ಸಕ್ರೆ ಉಪ್ಪು ಸಾಲ ತರ್ತೀನಿ. ಶುದ್ಧ ನೀರ ಯಾರ್ ಮನೇಲಿ ಕೇಳ್ಳಿ?" ಅಕ್ಕ ಅವತ್ತು ಪಂಚಾಯಿತಿಗೆ ಬರೆದ ಕಾಗದದಲ್ಲಿ, ವಾಂತಿಭೇದಿಯಾದ ಮನೆಗಳ ಪಟ್ಟಿಯನ್ನೂ ನಲ್ಲಿ ಇಲ್ಲದ ಮನೆಗಳ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟಳು. ಎರಡೂ ಒಂದೇ ಪಟ್ಟಿ. ಹೀಗೆ ಬರೆಯಬಲ್ಲ ಕೈ ಚಾಕರಿಯ ಕೈಯಲ್ಲ.

ಇನ್ನು ಮುಪ್ಪು. ಕಲ್ಲು ಹೊತ್ತ ಮೈ ಐವತ್ತಕ್ಕೇ ಮುದಿಯಾಗುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿ ಮಾತ್ರ ಅರವತ್ತೈದಾಗಲಿ ಎಂದು ಕಾಯುತ್ತದೆ. ಮಕ್ಕಳು ತಂದೆತಾಯಿಯನ್ನು ನೋಡಿಕೊಳ್ಳಬೇಕೆಂದು 2007ರಲ್ಲಿ ಕಾನೂನೇ ಬಂತು, ಒಳ್ಳೆಯದು. ಆದರೆ ಎರಡು ಗಂಟೆಗೊಮ್ಮೆ ಅತ್ತೆಯ ಮಗ್ಗುಲು ಬದಲಾಯಿಸಲು ಮನೆಯಲ್ಲಿ ಕೂತ ಸೊಸೆಗೆ ಆ ದಿನದ ಕೂಲಿ ಕೊಡುವವರು ಯಾರು? ಕೂಲಿಗೆ ಹೋದರೆ ಅತ್ತೆಗೆ ಹುಣ್ಣು, ಕೂತರೆ ಮಕ್ಕಳಿಗೆ ಹಸಿವು. ಇವಳ ಮುಂದೆ ನಿಂತು ಮಾತೃದೇವೋಭವ ಎನ್ನುವುದು ಹೊಟ್ಟೆ ತುಂಬಿದವರ ನೀತಿ. ಇಲ್ಲಿ ಬೇಕಾದದ್ದು ಉಪದೇಶವಲ್ಲ, ವಾರಕ್ಕೆರಡು ಸಲ ಮನೆಗೆ ಬಂದು ಬಿ.ಪಿ. ನೋಡುವ, ಹುಣ್ಣು ನೋಡುವ, ಸಂಬಳ ಪಡೆಯುವ ಒಂದು ಕೈ.

ಸಂಬಳ ಎಂದೆ. 2005ರಿಂದ ಆಶಾ ಕಾರ್ಯಕರ್ತೆಯರು ಬಂದರು. ಮನೆ ಮನೆಯ ಬಸುರಿ, ಬಾಣಂತಿ, ಮುದುಕರ ಲೆಕ್ಕ ಅವರ ತಲೆಯ ಮೇಲೆ. ಆದರೆ ಸರ್ಕಾರ ಅವರನ್ನು ನೌಕರರೆನ್ನುವುದಿಲ್ಲ, ಸ್ವಯಂಸೇವಕಿಯರು ಎನ್ನುತ್ತದೆ. ಕೊಡುವುದನ್ನು ಸಂಬಳವೆನ್ನದೆ ಗೌರವಧನ ಎನ್ನುತ್ತದೆ. ಆ ಗೌರವವನ್ನು ಹೆಚ್ಚಿಸಿಕೊಳ್ಳಲು ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂರಬೇಕಾಯಿತು. ಹೊಸಿಲಾಚೆಯ ಮೊರದ ಅಕ್ಕಿಗೆ ಸರ್ಕಾರ ಇಟ್ಟ ಹೊಸ ಹೆಸರಲ್ಲವೆ ಇದು?

ಆದ್ದರಿಂದ ನನ್ನ ಉತ್ತರ ಇಷ್ಟು. ಹುಣ್ಣು ತೊಳೆಯುವ ಹೊಣೆ ಉಂಟು. ಯಜಮಾನನ ಮೈಯೂ ನೋಯುವ ಮೈಯೇ. ಅದನ್ನು ಮುಟ್ಟದೆ ಬಂದರೆ ನಾವು ಅವನ ಧರ್ಮಕ್ಕೇ ಸೇರಿದಂತಾಗುತ್ತದೆ. ಆದರೆ ತೊಳೆದವಳಿಗೆ ಕೂಲಿ, ವಿದ್ಯೆ, ಎದುರು ಮಾತಾಡುವ ಹಕ್ಕು, ಈ ಮೂರೂ ಬೇಕು. ಚಿಮುಕಿಸಿದ ನೀರನ್ನು ಮರೆಯಬೇಕೆಂದು ಅವಳನ್ನು ಯಾರೂ ಕೇಳಕೂಡದು.

ಗೆಳೆಯರೇ, ಪ್ರಶ್ನೆ ಯಜಮಾನನ ಮನೆಯಲ್ಲೇ ಮುಗಿಯುವುದಿಲ್ಲ. ನಮ್ಮಪ್ಪ ಕೊನೆಗಾಲದಲ್ಲಿ ಆರು ತಿಂಗಳು ಹಾಸಿಗೆಯಲ್ಲಿದ್ದ. ಆಗ ನಾನು ಊರೂರು ಸುತ್ತಿ ಸಮಾನತೆಯ ಭಾಷಣ ಮಾಡುತ್ತಿದ್ದೆ. ಅಪ್ಪನ ಮಗ್ಗುಲು ಬದಲಾಯಿಸಿದವರು ಅಕ್ಕ ಮತ್ತು ನನ್ನ ಹೆಂಡತಿ. ಒಂದು ದಿನ ಅಕ್ಕ ಬಿಸಿನೀರಿನ ಬೋಗುಣಿಯನ್ನು ನನ್ನ ಮುಂದಿಟ್ಟು, "ಬಾ, ಕಲ್ತ್ಕೊ" ಎಂದಳು. ನನ್ನ ಕೈ ನಡುಗಿತು. ಐವತ್ತು ದಾಟಿದ ಮೇಲೆ, ನಾನು ಮೊದಲ ಸಲ ನಮ್ಮಪ್ಪನ ಬೆನ್ನು ಮುಟ್ಟಿದೆ.