ಶೋಕೇಸಿನೊಳಗಿನ ಕಠಾರಿ

ಈಚೆಗೆ ದೀಪಾಂಜಲಿ ನಗರದ ಒಂದು ಮನೆಯನ್ನು ಮಂತ್ರಿಸಲು ಹೋಗಿದ್ದೆ. ಮನೆಯ ಹಿರಿಯರು ನಿವೃತ್ತರು. ಹಳೆಯ ಅಲಂಕಾರದ ಕಠಾರಿಗಳನ್ನು ಕೂಡಿಡುವ ಹವ್ಯಾಸ ಅವರದು. ಗಾಜಿನ ಶೋಕೇಸಿನ ನಡುವೆ ಕೊಡಗಿನ ಪೀಚೆಕತ್ತಿಯೊಂದಿತ್ತು. ಬೆಳ್ಳಿ ಕಟ್ಟಿನ ಒರೆ, ಗಿಳಿಯ ತಲೆಯಂಥ ಹಿಡಿ, ಬೆಳ್ಳಿಯ ಸರಪಳಿ.

"ಫಾದರ್, ದೇವರ ಪೀಠದ ಎದುರಿಗೇ ಇವನ್ನಿಟ್ಟಿದ್ದಾರೆ. ಇದು ಸರಿಯೇ?" ಎಂದು ಮನೆಯಾಕೆ ಕೇಳಿದರು. ನಾನು ಉತ್ತರಿಸುವ ಮೊದಲೇ ಮೊಮ್ಮಗನ ಪ್ರಶ್ನೆ: "ತಾತ, ಇದರಿಂದ ಯಾರನ್ನ ಚುಚ್ಚಿದ್ರು?"

"ಯಾರನ್ನೂ ಇಲ್ಲ ಕಣೋ, ಇದು ಬರೀ ಅಲಂಕಾರಕ್ಕೆ."

ಹುಡುಗನ ಮುಖ ಬಾಡಿತು. ತಾತ ನಕ್ಕು, "ನನಗೂ ಹಾಗೇ ಫಾದರ್. ಹಿಂದೊಂದು ಕಾಳಗದ ಕಥೆ ಇದೆ ಅಂದ್ರೆ ನಾನೂ ನಾಲ್ಕು ಕಾಸು ಹೆಚ್ಚು ಕೊಡ್ತೀನಿ" ಎಂದರು.

ಮೊದಲು ಮನೆಯಾಕೆಯ ಪ್ರಶ್ನೆ. ಒಂದು ವಸ್ತುವನ್ನು ಅರಿಯಬೇಕಾದರೆ ಅದು ಯಾವ ಉದ್ದೇಶಕ್ಕಾಗಿ ಇದೆ ಎಂದು ಕೇಳಬೇಕೆಂದು ಅರಿಸ್ಟಾಟಲ್ ಕಲಿಸಿದ. ಸಂತ ತೋಮಾಸ್ ಅಕ್ವಿನಾಸರೂ ಆ ದಾರಿಯಲ್ಲೇ ನಡೆದರು. ಕೊಡವರ ಮದುವೆಯಲ್ಲಿ ಮದುಮಗ ಕುಪ್ಯದ ಮೇಲೆ ಬಿಗಿದ ಕೆಂಪು ಚೇಲೆಗೆ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾನೆ. ಅಲ್ಲಿ ಅದು ಇರಿಯಲು ಬಂದದ್ದಲ್ಲ, ಮಂಗಳಕಾರ್ಯದ ಒಡವೆ. ಅಕ್ಕಸಾಲಿಗನ ಕೈಚಳಕವನ್ನು ಮೆಚ್ಚುವುದು ಪಾಪವಲ್ಲ.

ಆದರೆ ಹುಡುಗನ ಮುಖ ಬಾಡಿದ್ದೇಕೆ? ಯಾರನ್ನೂ ನೋಯಿಸದ ಕತ್ತಿ ನಮಗೆ ಸಪ್ಪೆ. ದೋಷ ಕತ್ತಿಯಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ. 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಶಯನಾಗಾರದ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಆ ಬೆಲೆ ಬರೀ ಉಕ್ಕಿನದಲ್ಲ, ಹಿಡಿದ ಕೈಯದು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯಲ್ಲಿ ಎರಡೂ ಕಡೆ ಬಿದ್ದ ಸಾಮಾನ್ಯ ಸಿಪಾಯಿಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಶುಭಸಂದೇಶ ಕಥೆ ಹೇಳುವ ರೀತಿಯೇ ಬೇರೆ. ಗೆತ್ಸೆಮನಿಯಲ್ಲಿ ಪೇತ್ರ ಕತ್ತಿ ಬೀಸಿದ. ಆ ಕತ್ತಿ ಹೇಗಿತ್ತೆಂದು ಸಂತ ಯೊವಾನ್ನರು ಒಂದು ಮಾತೂ ಬರೆಯಲಿಲ್ಲ. ಆದರೆ ಕಿವಿ ಕಳೆದುಕೊಂಡ ಆಳಿನ ಹೆಸರನ್ನು ಮರೆಯದೆ ಬರೆದರು: ಮಲ್ಕ. ಯೇಸುಸ್ವಾಮಿ ಕತ್ತಿಯನ್ನು ಒರೆಗೆ ಸೇರಿಸಲು ಹೇಳಿದರು. ಶತ್ರುಗಳ ಕಡೆಯ ಆ ಆಳಿನ ಕಿವಿಯನ್ನು ಮುಟ್ಟಿ ವಾಸಿಮಾಡಿದರೆಂದು ಸಂತ ಲೂಕರು ತಿಳಿಸುತ್ತಾರೆ.

ಆದ್ದರಿಂದ ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆಯೇ. "ಯಾರನ್ನ ಚುಚ್ಚಿದ್ರು?" ಪ್ರತಿಯೊಂದು ಆಯುಧದ ಮುಂದೆ ನಿಂತು ನಾವೂ ಅದನ್ನೇ ಕೇಳಬೇಕು. ಉತ್ತರ ಕೇಳಿ ಖುಷಿಪಡುತ್ತೇವೋ, ಮರುಗುತ್ತೇವೋ ಎಂಬುದರಲ್ಲಿ ನಮ್ಮ ಮನಸ್ಸು ತಿಳಿಯುತ್ತದೆ.

ಶೋಕೇಸನ್ನು ತೆಗೆಯಿರೆಂದು ನಾನು ಹೇಳಲಿಲ್ಲ. ಮಗು ಓಡಾಡುವ ಮನೆ, ಬೀಗ ಹಾಕಿಡಿ ಎಂದೆ. "ಕತ್ತಿಯ ಕಥೆ ಹೇಳುವಾಗ ಮೊಮ್ಮಗನಿಗೆ ಮಲ್ಕನ ಕಥೆಯನ್ನೂ ಹೇಳಿ" ಎಂದೆ. ತಾತ ತಲೆಯಾಡಿಸಿದರು. ನಾನು ಮನೆಯನ್ನು ಮಂತ್ರಿಸಿದೆ, ಆ ಗೋಡೆಯನ್ನೂ ಸೇರಿಸಿ.