ಬೇಲಿಗೆ ಒಪ್ಪಿಸಿದ ಹೊಲ

‘ಬೇಲೀನ ಎದ್ದು ಹೊಲಾ ಮೇದಂಗ’ ಎಂಬ ಮಾತನ್ನು ವಿಜಯಪುರದ ಕಡೆ ಬೈಗುಳದ ಹಾಗೆ ಆಡಿ ಮುಗಿಸುವುದೇ ಹೆಚ್ಚು. ಸೊಸೈಟಿಯ ದುಡ್ಡನ್ನು ಸೊಸೈಟಿಯವರೇ ತಿಂದರೆ ಒಮ್ಮೆ ಅನ್ನುತ್ತಾರೆ, ಮರೆಯುತ್ತಾರೆ. ಗಾದೆಯೊಳಗೆ ಕಾಣುವುದು ಎರಡೇ, ಬೇಲಿ ಮತ್ತು ಹೊಲ. ಆದರೆ ಬೇಲಿ ಹಚ್ಚಿದ ಒಡೆಯನೊಬ್ಬ ಇದ್ದಾನೆ ಎಂಬುದನ್ನು ಅದು ಹೇಳದೆಯೇ ಹೇಳುತ್ತದೆ. ದನ ಮೇಯ್ದರೆ ನಷ್ಟ, ಬೇಲಿ ಮೇಯ್ದರೆ ದ್ರೋಹ. ಯಾಕೆಂದರೆ ದನದ ಕೈಗೆ ಯಾರೂ ಹೊಲ ಒಪ್ಪಿಸಿರಲಿಲ್ಲ. ಎರೆ ಭೂಮಿಯ ಈ ಸೀಮೆಯಲ್ಲಿ ಬಿಳಿಜೋಳದ ಹೊಲಕ್ಕೆ ಬೇಲಿ ಅಪರೂಪ, ಬದುವೇ ಗಡಿ. ಜಾಲಿ ಕಂಟಿ ಕಡಿದು ತಂದು ಬೇಲಿ ಕಟ್ಟುವುದು ಜೋಪಾನ ಮಾಡಲೇಬೇಕಾದ ಬೆಳೆಗೆ ಮಾತ್ರ. ಆದ್ದರಿಂದ ಇಲ್ಲಿ ಬೇಲಿ ಎಂದರೆ ಒಡೆಯನಿಗೆ ಆ ತುಂಡು ನೆಲದ ಮೇಲೆ ಮಮತೆ ಇದೆ ಎಂಬುದರ ಗುರುತೂ ಹೌದು.

ಈ ಗಾದೆಯನ್ನು ಇವಾಂಜೆಲಿಕಲ್ ಕ್ರೈಸ್ತರ ಮುಂದೆ ಇಡುವುದಕ್ಕೆ ಕಾರಣವಿದೆ. ಸತ್ಯವೇದದ ಮಾತೇ ಕೊನೆಯ ಮಾತು ಎಂದು ಗಟ್ಟಿಯಾಗಿ ಹಿಡಿದವರು ಅವರು. ಆ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ಜೀವಜಂತುಗಳ ಮೇಲೆ ದೊರೆತನ ಸಿಗುತ್ತದೆ. ಎರಡನೆಯ ಅಧ್ಯಾಯದಲ್ಲಿ ಅವನನ್ನು ಏದೆನ್ ತೋಟದಲ್ಲಿ ಇರಿಸುವುದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ. ಅಂದರೆ ಮನುಷ್ಯ ಅಲ್ಲಿ ಒಡೆಯನಲ್ಲ, ಬೇಲಿ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಬಂಧವೊಂದು, ಪಶ್ಚಿಮದ ಕ್ರೈಸ್ತರು ಮೊದಲ ಅಧ್ಯಾಯದ ದೊರೆತನವನ್ನಷ್ಟೇ ಹಿಡಿದು ನಿಸರ್ಗವನ್ನು ಬಳಸಿ ಬಿಸಾಡುವ ವಸ್ತುವನ್ನಾಗಿ ಮಾಡಿದರೆಂದು ದೂರಿತು. ಆ ದೂರಿನಲ್ಲಿ ಉತ್ಪ್ರೇಕ್ಷೆ ಇದೆ. ಸತ್ಯವೇದ ಓದದ ನಾಡುಗಳಲ್ಲೂ ಕಾಡು ಕಡಿದಿದ್ದಾರೆ, ಹೊಳೆ ಕೆಡಿಸಿದ್ದಾರೆ. ಆದರೂ ಪೂರ್ತಿ ತಳ್ಳಿಹಾಕುವಂತಿಲ್ಲ. ಕನ್ನಡಕ್ಕೆ ಪತ್ರಿಕೆ, ನಿಘಂಟು ಕೊಟ್ಟ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹೊಸದಾಗಿ ಕ್ರೈಸ್ತರಾಗಿ ಜಾತಿಯವರಿಂದ ಹೊರಬಿದ್ದವರಿಗೆ ಅದು ಅನ್ನ ಕೊಟ್ಟಿತು, ಸಾವಿರಾರು ಮನೆಗಳಿಗೆ ಸೂರು ಕೊಟ್ಟಿತು. ಆ ಭಟ್ಟಿಗಳಲ್ಲಿ ಉರಿದದ್ದು ಕಾಡಿನ ಕಟ್ಟಿಗೆ. ಮಿಷನರಿಗಳು ದುರಾಸೆಯವರಾಗಿದ್ದರು ಎನ್ನುವುದು ಅನ್ಯಾಯ. ಸುಡುವ ಕಟ್ಟಿಗೆಯೂ ತಮಗೆ ಒಪ್ಪಿಸಿದ ಹೊಲದ್ದೇ ಎಂಬ ಲೆಕ್ಕ ಆ ಕಾಲದ ಭಕ್ತಿಯಲ್ಲಿ ಸೇರಿರಲಿಲ್ಲ, ಅಷ್ಟೇ.

ಲೆಕ್ಕವೇನೋ ಗ್ರಂಥದಲ್ಲೇ ಇತ್ತು. ಏಳನೆಯ ವರ್ಷ ಬಿತ್ತದೆ ಭೂಮಿಗೆ ವಿಶ್ರಾಂತಿ ಕೊಡಬೇಕೆಂದು ಯಾಜಕಕಾಂಡ ಕಟ್ಟಳೆ ಮಾಡುತ್ತದೆ, ಭೂಮಿ ದೇವರದು, ನೀವು ಅದರಲ್ಲಿ ಒಕ್ಕಲಿರುವವರು ಎಂಬ ಕಾರಣವನ್ನೂ ಅದೇ ಅಧ್ಯಾಯದಲ್ಲಿ ಕೊಡುತ್ತದೆ. ವೈರಿಯ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಕ್ಕೆ ಕೊಡಲಿ ಹಾಕಕೂಡದೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಜಲಪ್ರಳಯ ಇಳಿದ ಮೇಲೆ ದೇವರು ಒಡಂಬಡಿಕೆ ಮಾಡಿಕೊಳ್ಳುವುದು ನೋಹನೊಬ್ಬನ ಜೊತೆಗಲ್ಲ, ನಾವೆಯಿಂದ ಇಳಿದ ಸಕಲ ಪ್ರಾಣಿಗಳ ಜೊತೆಗೆ. ಇವೆಲ್ಲ ಪರಿಸರವಾದಿಗಳಿಂದ ಕಡ ತಂದ ಮಾತುಗಳಲ್ಲ. ಅದಕ್ಕೇ ನನ್ನ ವಾದ ಇಷ್ಟು: ಇವಾಂಜೆಲಿಕಲ್ ಕ್ರೈಸ್ತನಿಗೆ ನೀರು, ಮಣ್ಣು, ಮರಗಳ ಕಾಳಜಿ ಬಿಡುವಾದಾಗ ಮಾಡುವ ಸಮಾಜಸೇವೆಯಲ್ಲ, ಅವನು ಒಪ್ಪಿಕೊಂಡ ವಿಧೇಯತೆಯ ಭಾಗ. ಅದನ್ನು ಅಳೆಯಬೇಕಾದದ್ದು ಎಷ್ಟು ಸಸಿ ನೆಟ್ಟ ಎಂಬುದರಿಂದಲ್ಲ, ತನ್ನ ಬಾಯಿಗೆ ಎಷ್ಟು ಕಡಿವಾಣ ಹಾಕಿಕೊಂಡ ಎಂಬುದರಿಂದ. ಗಾದೆ ಬೇಲಿಯ ಮೇಲೆ ಹೊರಿಸುವುದು ತಿಂದ ತಪ್ಪನ್ನೇ.

ಇದಕ್ಕೆ ಸಭೆಗಳೊಳಗೇ ಬಲವಾದ ಆಕ್ಷೇಪವಿದೆ. ಭೂಮಿ ಮತ್ತು ಅದರ ಕೆಲಸಗಳು ಬೆಂಕಿಗೆ ಆಹುತಿಯಾಗುವ ದಿನ ಬರುತ್ತದೆಂದು ಪೇತ್ರನ ಎರಡನೆಯ ಪತ್ರ ಹೇಳುವಾಗ, ಸುಟ್ಟುಹೋಗುವುದನ್ನು ಕಾಯುವುದೇಕೆ, ಆತ್ಮಗಳನ್ನು ರಕ್ಷಿಸುವ ಕೆಲಸ ಸಾಲದೆ ಎಂಬುದು ಅದು. ಆದರೆ ಅದೇ ಪತ್ರ ಆ ದಿನವನ್ನು ನೆನಪಿಸುವುದು ಜನ ಕೈಕಟ್ಟಿ ಕೂರಲಿ ಎಂದಲ್ಲ, ಪರಿಶುದ್ಧವಾಗಿ ಬಾಳಲಿ ಎಂದು. ಮುಂದೆ ನೂತನ ಭೂಮಿಯನ್ನೂ ಅದು ನಿರೀಕ್ಷಿಸುತ್ತದೆ. ಸೃಷ್ಟಿಯೆಲ್ಲ ಬಿಡುಗಡೆಗಾಗಿ ನರಳುತ್ತಿದೆ ಎಂದು ಪೌಲ ರೋಮಾಪುರದವರಿಗೆ ಬರೆದಿದ್ದಾನೆ. ನರಳುವುದಕ್ಕೆ ಬಿಡುಗಡೆಯ ಆಸೆ ಇದ್ದರೆ, ಅದನ್ನು ಕಸವೆಂದು ಎಣಿಸುವ ಹಕ್ಕು ಯಾರಿಗೆ? ಇನ್ನು ಒಡೆಯ ಯಾವತ್ತೋ ಬರುತ್ತಾನೆಂದು ಬೇಲಿ ಇವತ್ತೇ ಮಲಗಿದರೆ ಅದಕ್ಕೂ ಮೇಯ್ದ ಬೇಲಿಗೂ ಒಡೆಯನ ಕಣ್ಣಿಗೆ ಹೆಚ್ಚು ಅಂತರವಿರಲಾರದು. 2010ರಲ್ಲಿ ಇವಾಂಜೆಲಿಕಲ್ ಕ್ರೈಸ್ತರದೇ ಆದ ಲೊಸಾನ್ ಚಳವಳಿ ಕೇಪ್‌ಟೌನ್‌ನಲ್ಲಿ ಸೇರಿ ಹೊರಡಿಸಿದ ಬದ್ಧತೆಯ ಪತ್ರ ಸೃಷ್ಟಿಯ ಕಾಳಜಿಯನ್ನು ಕ್ರಿಸ್ತನ ಪ್ರಭುತ್ವದೊಳಗೇ ಇಟ್ಟಿತು. ಇದೇನೂ ಸುವಾರ್ತೆಯನ್ನು ಹಗುರ ಮಾಡುವವರ ಕೂಟವಲ್ಲ.

ಮರ, ನದಿ ಎಂದು ಶುರುಮಾಡಿದರೆ ಕೊನೆಗೆ ನಿಸರ್ಗದ ಪೂಜೆಗೆ ಇಳಿಯುತ್ತೇವೆ ಎಂಬ ಹೆದರಿಕೆ ಇನ್ನೊಂದು. ಬೇಲಿ ಹೊಲವನ್ನು ಪೂಜಿಸುವುದಿಲ್ಲ, ಕಾಯುತ್ತದೆ ಎಂದಷ್ಟೇ ಅದಕ್ಕೆ ಉತ್ತರ. ಬೆಂಗಳೂರಿನ ಇವಾಂಜೆಲಿಕಲ್ ದೇವಶಾಸ್ತ್ರಜ್ಞ ಕೆನ್ ಜ್ಞಾನಕನ್ ಪರಿಸರದ ದೇವಶಾಸ್ತ್ರ ಕುರಿತೇ 1999ರಲ್ಲಿ ಪುಸ್ತಕ ಬರೆದರು. ಅವರ ವಿಶ್ವಾಸ ಅದರಿಂದ ಸಡಿಲವಾದ ಸುಳಿವು ಎಲ್ಲೂ ಇಲ್ಲ. 1983ರಲ್ಲಿ ಪೋರ್ಚುಗಲ್‌ನಲ್ಲಿ ಹುಟ್ಟಿದ ‘ಅ ರೋಷಾ’ ಎಂಬ ಕ್ರೈಸ್ತ ಸಂರಕ್ಷಣಾ ಸಂಸ್ಥೆಯ ಭಾರತದ ಶಾಖೆ ಬನ್ನೇರುಘಟ್ಟದ ಅಂಚಿನಲ್ಲಿ ಆನೆ ಮತ್ತು ರೈತರ ಸಂಘರ್ಷದ ಮೇಲೆ ಕೆಲಸ ಮಾಡಿದೆ. ಅಲ್ಲಿ ಬೇಲಿ ಎಂಬುದು ಗಾದೆಯಲ್ಲ, ರಾಗಿ ಹೊಲದ ನಿಜವಾದ ತಲೆನೋವು.

ಬಡವರ ಹೆಸರಿನಲ್ಲಿ ಬರುವ ಆಕ್ಷೇಪವೇ ಹೆಚ್ಚು ಗಂಭೀರ. ಅಮೆರಿಕದಲ್ಲಿ 2000ದ ಕಾರ್ನ್‌ವಾಲ್ ಘೋಷಣೆಯ ಹಿಂದಿದ್ದ ಧರ್ಮಮುಖಂಡರು, ಪರಿಸರದ ಕಟ್ಟುಪಾಡು ಬಡವರ ಏಳಿಗೆಗೆ ಅಡ್ಡಿ ಎಂದು ವಾದಿಸಿದರು. ಆ ಮಾತನ್ನು ವಿಜಯಪುರಕ್ಕೆ ತಂದು ನೋಡೋಣ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಊರು ಇದು. ಆದಿಲಶಾಹಿಗಳು ತೊರವಿಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರು ತಂದರು, ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ತಾಜ್ ಬಾವಡಿ ಕಟ್ಟಿದರು. ಕೃಷ್ಣೆಯ ನೀರು ಕೊಳವೆಯಲ್ಲಿ ಮನೆಬಾಗಿಲಿಗೆ ಬಂದ ಮೇಲೆ ಬಾವಡಿಗಳು ಕಸದ ಗುಂಡಿಗಳಾದವು; ಇತ್ತೀಚಿನ ವರ್ಷಗಳಲ್ಲಷ್ಟೇ ಹೂಳೆತ್ತಿದರು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಉಳಿಸಿಕೊಳ್ಳಲು ಬೋರಿನ ಮೇಲೆ ಬೋರು ಕೊರೆದಾಗ ಮೊದಲು ಬತ್ತಿದ್ದು ಆಳಕ್ಕೆ ಕೊರೆಸಲು ದುಡ್ಡಿಲ್ಲದವನ ಬಾವಿ. ನೀರಾವರಿ ಯೋಜನೆಗಳು ಈಗ ಆ ಚಿತ್ರವನ್ನು ಬದಲಿಸುತ್ತಿರುವುದು ನಿಜ, ಅದು ಸಂತೋಷದ ವಿಷಯವೇ. ಆದರೆ ಕಡಿವಾಣವಿಲ್ಲದ ಕಾಲದಲ್ಲಿ ಸೋತವನು ಬಡವನೇ. ಬೇಲಿ ಹೊಲ ಮೇಯ್ದರೆ ಮೊದಲು ಹಸಿಯುವವನು ಆ ಹೊಲದ ಕೂಲಿ.

ವಿಜಯಪುರದಂಥ ಕಡೆ ಕ್ರೈಸ್ತರನ್ನು ಹಿಡಿದು ಇದನ್ನೆಲ್ಲ ಕೇಳುವುದು ಸರಿಯೇ ಎನ್ನಬಹುದು. ಜಿಲ್ಲೆಯ ಜನಸಂಖ್ಯೆಯಲ್ಲಿ ಅವರು ಶೇಕಡಾ ಒಂದರಷ್ಟೂ ಇಲ್ಲ, ಅವರಲ್ಲಿ ಇವಾಂಜೆಲಿಕಲ್‌ಗಳು ಇನ್ನೂ ಕಡಿಮೆ. ನಗರದ ನೀರನ್ನು ಕುಡಿದು ಬರಿದು ಮಾಡಿದವರು ಅವರಲ್ಲ. ಒಪ್ಪತಕ್ಕ ಮಾತು. ಆದರೆ ಅವರೇ ನಂಬುವ ಗ್ರಂಥ ಕಾವಲನ್ನು ಬಹುಸಂಖ್ಯಾತರಿಗೆಂದು ಮೀಸಲಿಟ್ಟಿಲ್ಲ, ತೋಟದಲ್ಲಿ ಇದ್ದವನು ಒಬ್ಬನೇ. ಈ ನಾಡಿನ ಅನೇಕ ಚರ್ಚುಗಳಲ್ಲಿ ಬೆಳೆ ಹಬ್ಬ ಮಾಡುತ್ತಾರೆ. ಜೋಳ, ಕಾಯಿಪಲ್ಲೆ, ಹಣ್ಣು, ಕೋಳಿ ತಂದು ದೇವರ ಮುಂದೆ ಇಡುತ್ತಾರೆ, ಆಮೇಲೆ ಸವಾಲು ಕೂಗಿ ಬಂದ ಹಣವನ್ನು ಸಭೆಗೆ ಕೊಡುತ್ತಾರೆ. ಬೆಳೆದದ್ದಕ್ಕೆ ಕೃತಜ್ಞತೆ ಹೇಳುವ ಆ ದಿನವೇ, ಬೆಳೆಯಲು ಎಷ್ಟು ನೀರು ಎತ್ತಿದೆವು, ಚರ್ಚಿನ ಮಾಡಿನ ಮಳೆನೀರು ಎಲ್ಲಿಗೆ ಹೋಯಿತು, ಹಬ್ಬದ ಊಟದ ತಟ್ಟೆ ಲೋಟಗಳು ಯಾವ ನಾಲೆಗೆ ಸೇರಲಿವೆ ಎಂದು ಸಭಾಪಾಲಕರು ಕೇಳಲು ಯಾವ ಸಿದ್ಧಾಂತವೂ ಅಡ್ಡ ಬರುವುದಿಲ್ಲ.