ಬೇಡವೆಂದರೆ ಸಿಟ್ಟೇಕೆ?

ಗ್ಯಾಸ್ಟ್ರಿಕ್ ಎಂಬುದು ಈಗ ಅಚ್ಚ ಕನ್ನಡ ಪದವೇ ಆಗಿಬಿಟ್ಟಿದೆ. ಬಂಟ್ವಾಳದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಚಾಕ್‌ಪೀಸು ಸಿಗದಿದ್ದರೂ ಅದರ ಮಾತ್ರೆ ಸಿಕ್ಕೀತು. ಆಮ್ಲ ತಗ್ಗಿಸುವ ಈ ಔಷಧಿಗಳಿಂದ ಉಪಕಾರವಾದದ್ದು ಸುಳ್ಳಲ್ಲ. ಸಿಮೆಟಿಡಿನ್ ರೂಪಿಸಿದ ಜೇಮ್ಸ್ ಬ್ಲಾಕ್ ಅವರಿಗೆ 1988ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹೊಟ್ಟೆಹುಣ್ಣಿಗೆ ಆಪರೇಶನ್ ಬೇಕಾಗುತ್ತಿದ್ದ ಎಷ್ಟೋ ಮಂದಿ ಮಾತ್ರೆಯಲ್ಲೇ ಗುಣವಾದರು.

ಆದರೆ ಬೆಳ್ತಂಗಡಿಯಲ್ಲಿರುವ ನನ್ನ ನಾದಿನಿಗೆ ಪ್ಯಾಂಟೊಪ್ರಜೋಲ್ ಆಗುವುದಿಲ್ಲ. ಮೊದಲ ಸಲ ಸೊಂಟನೋವಿನ ಮಾತ್ರೆಯ ಜೊತೆಗೆ ನುಂಗಿದ್ದಳು. ಅರ್ಧ ಗಂಟೆಯೊಳಗೆ ಅಂಗೈ ತುರಿಸಿ, ಮೈತುಂಬ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚಿದ್ದರಿಂದ ಉಳಿದಳು. ತಪ್ಪು ಹೊತ್ತದ್ದು ನೋವಿನ ಮಾತ್ರೆ, ಮತ್ತೆ ಮಧ್ಯಾಹ್ನದ ಬಂಗುಡೆ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಯಾರೂ ಸಂಶಯಿಸಲಿಲ್ಲ. ಹೊಟ್ಟೆಯ ರಕ್ಷಣೆಗೆಂದು ಕೊಟ್ಟದ್ದಲ್ಲವೇ! ಇನ್ನೊಮ್ಮೆ ಅದೊಂದನ್ನೇ ನುಂಗಿದಾಗ ನಿಜ ಹೊರಬಿತ್ತು. ಒಮೆಪ್ರಜೋಲಿನಂಥ ಅದೇ ಕುಲದ ಮಾತ್ರೆಗಳೂ ಕೆಲವರಿಗೆ ಹೀಗೇ ಮಾಡುವುದರಿಂದ, ಅಲರ್ಜಿ ತಜ್ಞರು ಹೇಳುವವರೆಗೆ ಯಾವುದನ್ನೂ ಮುಟ್ಟಬೇಡಿ ಎಂದರು ಡಾಕ್ಟರು.

ಆಮೇಲೆ ಮೂಡುಬಿದಿರೆಯ ಒಂದು ಮದುವೆ. ಊಟದ ಬಳಿಕ ಇವಳಿಗೆ ಎದೆಯುರಿ. ಹತ್ತಿರದ ಸಂಬಂಧಿಯೊಬ್ಬರು ಕೂಡಲೇ ಬ್ಯಾಗಿನಿಂದ ಮಾತ್ರೆ ತೆಗೆದರು. ಇವಳು ಬೇಡವೆಂದಳು.

"ನಾನೇನು ವಿಷ ಕೊಡುವುದಾ ಮಾರಾಯ್ತಿ? ದಿನಾ ನಾನು ತಿನ್ನುವುದೇ ಇದನ್ನು!"

ಕೈಚೀಲದಲ್ಲಿದ್ದ ಆಸ್ಪತ್ರೆಯ ಚೀಟಿ ತೋರಿಸಿದ ಮೇಲಷ್ಟೇ ಅವರು ಸುಮ್ಮನಾದದ್ದು.

ನನ್ನನ್ನು ಈಗಲೂ ಕಾಡುವುದು ಆ ಚೀಟಿ. ತನ್ನ ಮೈಯ ಬಗ್ಗೆ ಒಬ್ಬ ಹೆಂಗಸು ಹೇಳುವ ಮಾತಿಗೆ ಡಾಕ್ಟರ ಸಹಿ ಏಕೆ ಬೇಕು? ಕೊಡಲು ಬಂದವರ ಮನಸ್ಸು ಒಳ್ಳೆಯದೇ. ಬಡಿಸುವಾಗಲೂ ನಾವು ಹೀಗೆಯೇ, ಕೈ ಅಡ್ಡ ಹಿಡಿದರೂ ಹೋಳಿಗೆ ಹಾಕುವವರು. ಹೋಳಿಗೆಯಾದರೆ ಎಲೆಯಲ್ಲಿ ಉಳಿದೀತು. "ಲಕ್ಷ ಜನರಿಗೆ ಆಗದ್ದು ನಿನಗೇಕೆ?" ಎಂದು ಕೇಳುವವರೂ ಇದ್ದಾರೆ. ಐವತ್ತು ಮಕ್ಕಳಿಗೆ ತಿಳಿದ ಲೆಕ್ಕ ಒಬ್ಬನಿಗೆ ತಿಳಿಯದಿದ್ದರೆ ಅವನು ಸುಳ್ಳು ಹೇಳುತ್ತಿದ್ದಾನೆಂದು ನಾನಂತೂ ಯಾವತ್ತೂ ಎಣಿಸಿದವಳಲ್ಲ.

ಔಷಧಿಯ ದುಷ್ಪರಿಣಾಮಗಳನ್ನು ದಾಖಲಿಸಲು 2010ರಲ್ಲಿ ಕೇಂದ್ರ ಸರಕಾರ ಒಂದು ವ್ಯವಸ್ಥೆ ಆರಂಭಿಸಿದೆ. ರೋಗಿಗಳೇ 1800-180-3024ಕ್ಕೆ ಫೋನು ಮಾಡಬಹುದು. ನಾದಿನಿ ಮಾಡಿದಳು. ಮಾತ್ರೆಯ ಹೆಸರೇನು, ನುಂಗಿ ಎಷ್ಟು ಹೊತ್ತಿಗೆ ತುರಿಕೆ ಶುರುವಾಯಿತು ಎಂದೆಲ್ಲ ಕೇಳಿ ಬರೆದುಕೊಂಡರಂತೆ.

"ಒಂದು ಸಲವೂ 'ಹೌದಾ?' ಅನ್ನಲಿಲ್ಲ ಅತ್ತಿಗೆ," ಎಂದಳು.